ಖಂಡೆ ಪೂಜೆಯ ದಾರ

ಮಾನವ್ವ ಗಂಟು ಹಾಕಿದಳೆಂದರೆ ಮುಗಿಯಿತು, ಅದನ್ನು ಬಿಚ್ಚುವವರು ಗಜೇಂದ್ರಗಡದಲ್ಲಿ ಇನ್ನೂ ಹುಟ್ಟಿರಲಿಲ್ಲ. ಸಂತೆಯ ಚೀಲದ ಬಾಯಿ ಕಟ್ಟಿದರೆ ಮನೆಗೆ ಬಂದು ಕುಡುಗೋಲು ಹುಡುಕಬೇಕು. ಅಂಥವಳು ಈ ವರ್ಷ ಆಯುಧಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ ಗಂಡನ ಮರ ಕೊಯ್ಯುವ ಮಶೀನನ್ನು ತೊಳೆದು, ವಿಭೂತಿ ಹಚ್ಚಿ, ಅರಿಶಿಣದ ದಾರ ಕಟ್ಟಿದ್ದಳು.

ಬಿಗಿಯಾಗಿ ಕಟ್ಟಲು ಕಾರಣವಿತ್ತು. ಹೋದ ವರ್ಷ ಶಾಸ್ತ್ರಕ್ಕೆಂದು ಸುಮ್ಮನೆ ಸುತ್ತಿದ್ದ ದಾರ ಮಶೀನಿನ ನಡುಕಕ್ಕೆ ಬೇಗನೆ ಉದುರಿಹೋಗಿತ್ತು. ಅದೇ ವಾರ ಜಾಲಿಯ ಬೊಡ್ಡೆ ಉರುಳಿ ಗಂಡ ಶಿವನಪ್ಪನ ಕಾಲ್ಬೆರಳು ಜಜ್ಜಿತ್ತು. ದಾರಕ್ಕೂ ಬೆರಳಿಗೂ ಏನು ಸಂಬಂಧವೆಂದು ಕೇಳುವವರು ಕೇಳಲಿ, ದವಾಖಾನೆಯಲ್ಲಿ ಕೂತು ಅತ್ತವಳು ಅವಳು. ಅದಕ್ಕೇ ಈ ಸಲ ಎಲ್ಲವ್ವನನ್ನು ನೆನೆದು, ಮಶೀನಿನ ಹಿಡಿಕೆಯನ್ನೂ ಅದರ ಮುಂದೆ ನಿಂತಿರುವ ಕರಿ ತಗಡನ್ನೂ ಸೇರಿಸಿ ಎಳೆದು ಕಟ್ಟಿ, ಗಂಟಿನೊಳಗೆ ಅರಿಶಿಣದ ಬೇರು ಸಿಕ್ಕಿಸಿದಳು. ಪೂಜೆಯ ದಾರವನ್ನು ಅವರಲ್ಲಿ ಯಾರೂ ಕೈಯಾರೆ ಹರಿಯುವುದಿಲ್ಲ. ಸವೆದು ತಾನಾಗಿ ಬೀಳಬೇಕು.

ಶಿವನಪ್ಪನಿಗಂತೂ ಹಿಗ್ಗು. "ಮೊದ್ಲ ಆ ಕರಿ ತಗಡ ಒಂಚೂರು ಮುಂದ ಸರದ್ರ ಸಾಕು, ಚೈನ ಗಪ್ಪನ ನಿಲ್ತಿತ್ತು. ಹತ್ತ ಸಲ ಹಿಂದಕ ಎಳೀಬೇಕಾಗಿತ್ತು. ಮಾನಿ ಕಟ್ಟಿದ ಮ್ಯಾಲ ಒಮ್ಮೆನೂ ನಿಂತಿಲ್ಲ ನೋಡ," ಎಂದು ಹೋದಲ್ಲೆಲ್ಲ ಹೊಗಳಿದ. ಸೆಕೆಂಡ್ ಹ್ಯಾಂಡಿನ ಮಶೀನು. ಮಾರಿದವನು ಪೆಟ್ರೋಲು ಎಲ್ಲಿ, ಆಯಿಲು ಎಲ್ಲಿ ಎಂದಷ್ಟೇ ಹೇಳಿ ಹೋಗಿದ್ದ. ಮೆಚ್ಚುಗೆಯ ಮಾತು ಅಪರೂಪಕ್ಕೂ ಆಡದ ಗಂಡ ಹೊಗಳಿದನೆಂದು ಮಾನವ್ವ ಎರಡು ದಿನ ಬೀಗಿದಳು.

ಆಮೇಲೆ ಶಿವನಪ್ಪ ಹೊಳೆಆಲೂರಿಗೆ ಹೋದ. ಮಲಪ್ರಭೆ ಉಕ್ಕಿ ಇಳಿದು, ದಂಡೆಯ ಹೊಲಗಳಲ್ಲಿ ಬೇವು, ಜಾಲಿ, ಅತ್ತಿ ಎಲ್ಲ ಅಡ್ಡಬಿದ್ದಿದ್ದವು. ಅವನು ಅಲ್ಲೇ ಗುಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದ. ಮೊಂಡಾದ ಇನ್ನೊಂದು ಚೈನನ್ನು ಮಸೆಯಿಸಿ, ರೊಟ್ಟಿಯ ಗಂಟಿನ ಜೊತೆ ತಂದುಕೊಡಬೇಕೆಂದು ಹೇಳಿದ್ದರಿಂದ ಮಾನವ್ವ ಅಂದು ಮುಂಜಾನೆ ಬಸ್‌ಸ್ಟ್ಯಾಂಡಿನ ಹಿಂದಿನ ಮಹಮ್ಮದಸಾಬನ ರಿಪೇರಿ ಅಂಗಡಿಗೆ ಬಂದಳು.

ಮಹಮ್ಮದಸಾಬ ಚೈನಿನ ಹಲ್ಲುಗಳನ್ನು ಮಸೆಯುತ್ತ ಕೇಳಿದ, "ಮಶೀನ ಹ್ಯಾಂಗ ನಡದೈತಿ ಅಕ್ಕಾ? ಬ್ರೇಕ್ ಚಲೋ ಬೀಳತೈತಿಲ್ಲೋ?"

"ಅದಕ್ಕೆಲ್ಲಿ ಬ್ರೇಕ್ ಅಣ್ಣಾ? ಅದೇನ ಮೋಟಾರ್ ಸೈಕಲ್ಲ?"

"ಮುಂದ ಕರಿ ತಗಡ ಐತೆಲ್ಲ, ಅದ ಬ್ರೇಕ್."

ಮಾನವ್ವ ಹೆಮ್ಮೆಯಿಂದಲೇ ಹೇಳಿದಳು, "ಅದನ್ನ ನಾನ ಪೂಜಿ ದಾರದಿಂದ ಬಿಗದ ಕಟ್ಟೀನಿ. ಈಗ ಅಳ್ಳಾಡಂಗಿಲ್ಲ."

ಅವನ ಕೈ ನಿಂತಿತು. ಅವನು ಗದರಲಿಲ್ಲ, ಅದೇ ಅವಳಿಗೆ ಹೆಚ್ಚು ಭಯ ತಂದಿತು. "ಅಕ್ಕಾ, ಕೊಯ್ಯೂವಾಗ ಚೈನಿನ ಮೂತಿ ಕಟಗಿಗೆ ಬಡೀತಂದ್ರ ಮಶೀನ ಮಾರಿ ಕಡೆ ಜಿಗೀತೈತಿ. ಆವಾಗ ತಗಡ ಕೈಗೆ ತಾಗಿ ಮುಂದ ಹೋಗಿ ಚೈನ ನಿಲ್ಲಬೇಕು. ಕಟ್ಟಿಟ್ರ ನಿಲ್ಲಂಗಿಲ್ಲ. ಮೊದ್ಲ ಫೋನ್ ಮಾಡ್ರಿ."

ಮಾನವ್ವ ಫೋನ್ ಮಾಡಿದಳು. ಗಂಟೆ ಹೊಡೆದು ಹೊಡೆದು ನಿಂತಿತು. ಅವನ ಫೋನು ರೊಟ್ಟಿಯ ಚೀಲದಲ್ಲಿ, ಚೀಲ ಯಾವುದೋ ಟೊಂಗೆಯಲ್ಲಿ, ಅವನ ಕಿವಿ ಮುಚ್ಚಳದೊಳಗೆ. ಆ ಕಿವಿಮುಚ್ಚಳವನ್ನಾದರೂ ಯಾರು ತಂದದ್ದು? ಕಿವುಡನಾದೀಯೆಂದು ವರ್ಷಗಟ್ಟಲೆ ಬೆನ್ನು ಹತ್ತಿ ತರಿಸಿದವಳು ಅವಳೇ. ಹೊಲದವರ ನಂಬರು ಅವಳಲ್ಲಿರಲಿಲ್ಲ.

ರೋಣದ ಬಸ್ಸು ಹತ್ತಿದಳು. ಬಸ್ಸು ಕೈ ಮಾಡಿದವರಿಗೆಲ್ಲ ನಿಂತಿತು. ಒಬ್ಬ ಮುದುಕ ತನ್ನ ಮೆಣಸಿನಕಾಯಿ ಚೀಲಕ್ಕೆ ಟಿಕೆಟ್ ಯಾಕೆಂದು ಕಂಡಕ್ಟರನ ಜೊತೆ ಜಗಳಕ್ಕೆ ನಿಂತ. "ಲಗೂ ಬಿಡ್ರೀ ಯಪ್ಪಾ," ಎಂದು ಮಾನವ್ವ ಕೂಗಿದಳು. "ಎಲ್ಲಾರಿಗೂ ಲಗೂನ ಐತಿ ಬೇ," ಎಂದ ಕಂಡಕ್ಟರ್. ಅವನ ತಪ್ಪೇನು? ಅವನ ಬಸ್ಸಿನಲ್ಲಿ ಯಾರ ಜೀವ ಹೋಗುತ್ತಿದೆಯೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಮಡಿಲಲ್ಲಿ ರೊಟ್ಟಿ ಗಂಟು ಇಟ್ಟುಕೊಂಡು ಅವಳು ತನ್ನ ಬೆರಳುಗಳನ್ನೇ ನೋಡುತ್ತ ಕೂತಳು. ರೋಣದಲ್ಲಿ ಇಳಿದು ಮತ್ತೊಂದು ಬಸ್ಸಿಗೆ ಕಾಯಬೇಕಾಯಿತು. ಕಾಯುತ್ತ ಮತ್ತೆ ಮತ್ತೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ.

ಹೊಳೆಆಲೂರಿನಲ್ಲಿ ಇಳಿದು ಹೊಳೆಯ ಕಡೆ ಓಡುವಾಗ ಮಶೀನಿನ ಸದ್ದು ಕೇಳಿತು. ತಲೆ ಚಿಟ್ಟು ಹಿಡಿಸುವ ಆ ಸದ್ದನ್ನು ಅವಳು ಮನಸಾರೆ ಬೈದವಳು. ಇಂದು ಅದು ನಿಲ್ಲದಿರಲೆಂದು ಬೇಡಿಕೊಂಡಳು. ಸದ್ದು ಇರುವತನಕ ಅವನೂ ಇದ್ದಾನೆ.

ಕೆಸರಿನ ಬದು ಏರುವಷ್ಟರಲ್ಲಿ ಸದ್ದು ಗಕ್ಕನೆ ನಿಂತಿತು. ಮಾನವ್ವ ಅಲ್ಲೇ ಕೆಸರಿನಲ್ಲಿ ಕೂತಳು.

"ಮಾನೀ! ಅಲ್ಲ್ಯಾಕ ಕುಂತೀ?"

ಶಿವನಪ್ಪ ನೀರು ಕುಡಿಯಲು ಮಶೀನು ಕೈಯಲ್ಲಿ ಹಿಡಿದೇ ಬರುತ್ತಿದ್ದ. ಅಂಗಿಯ ಎಡ ಹೆಗಲು ಹರಿದು ಜೋತಿತ್ತು, ಒಳಗೆ ಕೆಂಪಗೆ ಉದ್ದನೆಯ ಗೀರು. ಅವನು ನಗುತ್ತಿದ್ದ.

"ಮುಂಜಾನಿ ಒಂದ ಟೊಂಗಿಗೆ ಮೂತಿ ಬಡದು ಮೈಮ್ಯಾಲ ಜಿಗದ ಬಂತು. ಕುತ್ತಿಗಿ ತಪ್ಪಿ ಅಂಗಿ ಹರೀತು. ನೀ ಕಟ್ಟಿದ ದಾರ ಕಾಯ್ತು ನೋಡ!"

ಮಾನವ್ವ ಅಳುತ್ತ, ಏದುಸಿರಿನಲ್ಲಿ, ಮಹಮ್ಮದಸಾಬ ಹೇಳಿದ್ದನ್ನೆಲ್ಲ ಹೇಳಿದಳು. ಅದು ಬ್ರೇಕು, ದಾರ ಕಾಯಲಿಲ್ಲ, ಕೊಲ್ಲಲು ಬಂದಿತ್ತು ಎಂದಳು. ದಾರ ಹರಿಯಲು, ಅಲ್ಲೇ ಬಿದ್ದಿದ್ದ ಅವನ ಕುಡುಗೋಲಿಗೆ ಕೈ ಹಾಕಿದಳು. ಶಿವನಪ್ಪ ಮಶೀನನ್ನು ಎದೆಗೆ ಅಪ್ಪಿಕೊಂಡು ಹಿಂದೆ ಸರಿದ.

"ಮುಟ್ಟಬ್ಯಾಡ. ಮಹಮ್ಮದಣ್ಣ ಅಂಗಡ್ಯಾಗ ಕುಂತಾನ. ಚೈನ ಕುತ್ತಿಗಿತನಾ ಬಂದು ಹೊಳ್ಳಿ ಹೋಗಿದ್ದು ನನಗ ಗೊತ್ತು."

"ನಾನ ಕಟ್ಟಿದ್ದು, ನಾನ ಹರೀತೀನ್ರಿ. ಪಾಪ ಬಂದ್ರ ನನಗ ಬರ್ಲಿ."

"ಹೋದ ವರ್ಷ ದಾರ ಬಿದ್ದಾಗ ಏನಾತು?" ಅವನ ದನಿ ಇಳಿಯಿತು. "ಇದು ಇರೂದಕ್ಕ ನನ್ನ ಕೈ ಗಟ್ಟಿ ಐತಿ, ಮಾನೀ. ಇದ ಹೋದ್ರ ಕೈ ನಡಗತಾವ. ನಡಗೂ ಕೈಲೆ ಇದನ್ನ ಹ್ಯಾಂಗ ಹಿಡೀಲಿ?"

ಹೋದ ವರ್ಷ ಅವನ ಹಾಸಿಗೆಯ ಬದಿಯಲ್ಲಿ ಕೂತು, ದಾರ ಬಿದ್ದದ್ದರಿಂದಲೇ ಹೀಗಾಯಿತು ಎಂದು ದಿನಾ ಅವನ ತಲೆಗೆ ತುಂಬಿದವಳು ಅವಳೇ. ಈಗ ಯಾವ ಬಾಯಿಂದ ಅಲ್ಲವೆನ್ನುವುದು? ಆದರೂ ಅಂದಳು. ಕಾಲು ಹಿಡಿದಳು. ಅವನು ಸಣ್ಣ ಮಕ್ಕಳನ್ನು ಸಮಾಧಾನ ಮಾಡುವಂತೆ ಅವಳ ತಲೆ ಸವರಿ, ನೀರು ಕುಡಿದು, ಎದ್ದ.

ಅರ್ಧ ಕೊಯ್ದ ಬೇವಿನ ಬೊಡ್ಡೆಯ ಮೇಲೆ ಮಾನವ್ವ ಹೋಗಿ ಕೂತುಬಿಟ್ಟಳು. "ಕೊಯ್ಯೂದಿದ್ರ ನನ್ನ ಕೂಡೇನ ಕೊಯ್ರಿ. ನಾ ಏಳಂಗಿಲ್ಲ."

ಶಿವನಪ್ಪ ಅವಳನ್ನು ನೋಡಿದ. ನಕ್ಕ. ಹೊಳೆ ಕೆಡವಿದ ಗಿಡಗಳು ಆ ದಂಡೆಯುದ್ದಕ್ಕೂ ಬಿದ್ದಿದ್ದವು, ಅವಳು ಕೂರಬಹುದಾಗಿದ್ದದ್ದು ಒಂದರ ಮೇಲೆ ಮಾತ್ರ. ಅವನು ಆಚೆಯ ಜಾಲಿಯ ಕಡೆಗೆ ನಡೆದ.

"ರೀ!" ಎಂದು ಮಾನವ್ವ ಕೂಗಿದಳು.

ಅವನು ಆಗಲೇ ಕಿವಿಮುಚ್ಚಳ ಹಾಕಿಕೊಂಡಿದ್ದ.