ಗಂಟೆ ಪಾದ್ರಿಗಳ ಪವಾಡಕ್ಕೆ ಕೊನೆಯ ಸಾಕ್ಷಿ

ಧರ್ಮಾಧ್ಯಕ್ಷರ ನಿವಾಸದ ಮೊದಲ ಮಹಡಿಯಲ್ಲಿ, ಪವಾಡದ ವಿಚಾರಣೆ ನಡೆಯುತ್ತಿದ್ದ ಕೋಣೆಯ ಹೊರಗಿನ ಬೆಂಚಿನಲ್ಲಿ ತಾಯಿ ಮಗಳು ಕೂತು ನಲವತ್ತು ನಿಮಿಷವಾಗಿತ್ತು. ಹದಿನಾರು ಜನರ ಸಾಕ್ಷ್ಯ ಮುಗಿದಿತ್ತು. ತಾಯಿಯದು ಮೊನ್ನೆಯೇ ಆಗಿತ್ತು. ಉಳಿದವಳು ಮಗಳೊಬ್ಬಳು.

"ಅದೇನೇ ಕಾಲು ಕುಣಿಸ್ತೀಯ, ಬೆಂಚೇ ಅಲ್ಲಾಡ್ತಿದೆ. ದಿನಾ ಜನಕ್ಕೆ ಸೂಜಿ ಚುಚ್ಚೋಳು ನೀನು, ನೀನೇ ಹೀಗೆ ಹೆದರಿದ್ರೆ?" ತಾಯಿ ಗದರಿದರು.

ಮಗಳು ಇಪ್ಪತ್ತೆರಡು ವರ್ಷದಿಂದ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸುವವಳು. ಒಬ್ಬರ ಚೀಟಿಯನ್ನು ಇನ್ನೊಬ್ಬರ ಟ್ಯೂಬಿಗೆ ಒಮ್ಮೆಯೂ ಅಂಟಿಸಿದವಳಲ್ಲ. ಈಗ ಅವಳನ್ನು ಕಾಡುತ್ತಿದ್ದುದೂ ಅಂಥದೇ ಪ್ರಶ್ನೆ: ಪವಾಡದ ಚೀಟಿ ಯಾರ ಹೆಸರಿಗೆ?

ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಅವಳ ತಮ್ಮ ಎರಡು ಮಹಡಿ ಕೆಳಗೆ ಬಿದ್ದು ಹನ್ನೊಂದು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದ. ವೈದ್ಯರು ಕೈಚೆಲ್ಲಿದ್ದರು. ಹನ್ನೆರಡನೆಯ ದಿನ ಕಣ್ಣು ಬಿಟ್ಟು, "ನನ್ನ ಸ್ಪ್ಯಾನರ್ ಯಾರು ತಗೊಂಡ್ರು?" ಎಂದ. ಆ ಹನ್ನೊಂದು ದಿನ ತಾಯಿ ಇಡೀ ಚರ್ಚಿನವರನ್ನು ಸೇರಿಸಿ ಗಂಟೆ ಪಾದ್ರಿಗಳಲ್ಲಿ ಮೊರೆಯಿಟ್ಟಿದ್ದರು. ಪೂಜೆ ನಿಲ್ಲಿಸಬೇಕೆಂಬ ಸೈನಿಕರ ಆಜ್ಞೆ ಮೀರಿ ಗಂಟೆ ಬಾರಿಸಿ, ಹಗ್ಗ ಹಿಡಿದಲ್ಲೇ ಗುಂಡೇಟಿಗೆ ಬಲಿಯಾದವರು ಆ ಪಾದ್ರಿಗಳು. ಅದಕ್ಕೆ ಹನ್ನೆರಡು ದಿನ ಮೊದಲು, ಹಸುಗೂಸಾಗಿದ್ದ ತಾಯಿಗೆ ದೀಕ್ಷಾಸ್ನಾನ ಕೊಟ್ಟಿದ್ದರು. ಹುತಾತ್ಮರಾದ್ದರಿಂದ, ಸಂತಪದವಿಗೆ ಹಿಂದಿನ ಮೆಟ್ಟಿಲಾದ ಪುನೀತರೆಂಬ ಪದವಿ ಪವಾಡವಿಲ್ಲದೆಯೇ ಸಿಕ್ಕಿತ್ತು. ಸಂತರಾಗಲು ಮಾತ್ರ ಒಂದು ಪವಾಡ ಬೇಕು. ಎಪ್ಪತ್ತನಾಲ್ಕು ವರ್ಷದ ತಾಯಿ ಕಾದಿದ್ದು ಅದಕ್ಕೇ.

ಆದರೆ ಬೇಡಿಕೆ ಗಂಟೆ ಪಾದ್ರಿಗಳೊಬ್ಬರಿಗೇ ಸಲ್ಲಿರಬೇಕು. ಬೇರೆ ಸಂತರ ಹೆಸರು ಬೆರೆತರೆ ವಾಸಿ ಮಾಡಿಸಿದವರು ಯಾರೆಂದು ಹೇಳುವುದು ಹೇಗೆ? ಈ ನಿಯಮ ಮಗಳಿಗೆ ತಿಳಿದದ್ದೇ ಹೋದ ವಾರ. ಬೀಗದ ಕೈ ಕಳೆಯಲಿ, ಕನ್ನಡಕ ಕಳೆಯಲಿ, ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯವರನ್ನು ಕರೆಯುವುದು ಅವಳಿಗೆ ಚಿಕ್ಕಂದಿನ ಅಭ್ಯಾಸ. ಆಸ್ಪತ್ರೆಯಲ್ಲೂ ಎರಡನೆಯ ದಿನದಿಂದ ಒಂಬತ್ತು ಸಂಜೆ, "ತಮ್ಮನ್ನ ಹುಡುಕಿಕೊಡಿ" ಎಂದು ಅವರನ್ನೇ ಬೇಡಿದ್ದಳು.

ಒಳಗೆ ಕರೆದರು. ಬೈಬಲ್ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದಳು. ಹಿರಿಯ ಪಾದ್ರಿ ಪ್ರಶ್ನೆ ಓದುತ್ತಿದ್ದರು, ಕಿರಿಯರೊಬ್ಬರು ಟೈಪು ಮಾಡುತ್ತಿದ್ದರು.

"ಬೇರೆ ಯಾವ ಸಂತರನ್ನಾದರೂ ಬೇಡಿಕೊಂಡಿದ್ರಾ?"

ಇಲ್ಲ ಎಂದರೆ ಸಾಕು, ಪವಾಡ ಉಳಿಯುತ್ತಿತ್ತು.

"ಹೂಂ ಫಾದರ್. ಅಂತೋಣಿಯವರನ್ನ."

ಟೈಪಿನ ಸದ್ದು ನಿಂತಿತು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು.

"ಎಷ್ಟು ದಿನ?"

"ಒಂಬತ್ತು."

"ನಿಮ್ಮ ತಾಯಿಗೆ ಗೊತ್ತಿತ್ತಾ?"

"ಇಲ್ಲ. ಮನಸ್ಸಲ್ಲೇ ಅಂದ್ಕೊಂಡಿದ್ದು."

ನಾಲ್ಕು ಪುಟಕ್ಕೂ ಸಹಿ ಹಾಕಿ ಹೊರಬಂದಳು. ತಾಯಿ ಅವಳ ಮುಖ ನೋಡಿಯೇ ಕೇಳಿದರು.

"ಹೇಳ್ಬಿಟ್ಯಾ?"

"ಏನಮ್ಮ?"

"ಅಂತೋಣಿಯವರ ವಿಷಯ. ಮನಸ್ಸಲ್ಲೇ ಪ್ರಾರ್ಥನೆ ಮಾಡ್ತೀನಿ ಅಂದ್ಕೊಂಡು ಪಿಸುಗುಟ್ಟೋಳು ನೀನು. ಒಂಬತ್ತು ಸಂಜೆ ಪಕ್ಕದಲ್ಲೇ ಕೂತಿದ್ನಲ್ಲೇ, ನಾನೇನು ಕಿವುಡಿಯಾ?"

"ಮತ್ತೆ ಮೊನ್ನೆ ಕೇಳಿದಾಗ?"

"ಮನೇಲಿ ಯಾರೂ ಬೇರೆಯವರನ್ನ ಬೇಡಿಲ್ಲ ಅಂದೆ." ತಾಯಿ ತಮ್ಮ ಬಲಗೈಯನ್ನೇ ನೋಡಿಕೊಂಡರು. "ಬೈಬಲ್ ಮೇಲೆ ಕೈ ಇಟ್ಟೇ ಅಂದೆ."

ತಾಯಿಗೆ ಗೊತ್ತಿರಲಿಲ್ಲ ಎಂದು ಮಗಳು ತಾನೇ ಈಗಷ್ಟೇ ಬರೆಸಿ ಬಂದಿದ್ದಳು. ಇಬ್ಬರ ಸಾಕ್ಷ್ಯವೂ ತಾಳೆಯಾಗುತ್ತದೆ, ತಾಯಿ ತಿಳಿಯದೆ ಹೇಳಿದ್ದು ಎಂದಾಗುತ್ತದೆ. ಸುಮ್ಮನಿದ್ದರೆ ಯಾರೂ ಕೇಳುವವರಿಲ್ಲ. ಆದರೂ ತಿದ್ದಿಸಲೆಂದು ಅವಳು ಬಾಗಿಲಿನತ್ತ ತಿರುಗಿದಳು.

ತಾಯಿ ಮಣಿಕಟ್ಟು ಹಿಡಿದರು. "ಕೂತ್ಕೊ. ನೀನು ಹೋದ್ರೆ ಅಮ್ಮನ್ನ ಹಿಡ್ಕೊಟ್ಟ ಹಾಗಾಗುತ್ತೆ."

"ಅಮ್ಮಾ, ನಿಮ್ಮ ಗಂಟೆ ಪಾದ್ರಿಗಳು..."

"ಪೂಜೆ ನಿಲ್ಲಿಸ್ತೀನಿ ಅಂತ ಸುಳ್ಳು ಹೇಳಿದ್ರೆ ಅವರೂ ಬದುಕ್ತಿದ್ರು ಕಣೇ."

ತಾಯಿ ಗೋಡೆ ಹಿಡಿದು ಎದ್ದರು. ಬಾಗಿಲಿಗೆ ಎರಡು ಸಲ ಬಡಿದರು. ಒಳಗಿನಿಂದ ಉತ್ತರ ಬರುವ ಮೊದಲೇ ತಳ್ಳಿದರು.

"ಫಾದರ್, ಸಾಕ್ಷ್ಯಕ್ಕೆ ಈಗಲೇ ಮುದ್ರೆ ಹಾಕ್ಬೇಡಿ. ನಂದೊಂದು ತಿದ್ದೋದಿದೆ."