ಸಿರಾಜುದ್ದೀನ ಕಟ್ಟಿದ ಜೋಗುಳ

ಸವಣೂರಿನ ಸಿರಾಜುದ್ದೀನ ಮುಂಬೈಯ ಗ್ರಾಮಫೋನ್ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಿದ್ದ. ಅದನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿದರೆ ಯಾರೋ ಬಿಕ್ಕಿದಂತೆ ಕೇಳುತ್ತಿತ್ತು. ಹಾಡುವವರು ಬೇರೆಯವರು, ಅವನು ಹಿಂದೆ ಕೂರುವವನು. ಬಿಡುವಿನಲ್ಲಿ ಕನ್ನಡದಲ್ಲಿ ಹಾಡು ಕಟ್ಟುತ್ತಿದ್ದ.

ಅವನ ಖೋಲಿಯಲ್ಲೇ ಶಿಗ್ಗಾಂವಿಯ ವಿಠ್ಠಲನಿದ್ದ. ಶಾಸ್ತ್ರಿಗಳ ಮನೆಯ ಹುಡುಗ, ಹಾಡಿನ ಹುಚ್ಚಿಗೆ ಮನೆ ಬಿಟ್ಟು ಬಂದವನು. ಸಿರಾಜ ಬಡಿದ ರೊಟ್ಟಿಯನ್ನೇ ಉಂಡು ಗಾಯಕನಾದ.

೧೯೩೮ರಲ್ಲಿ ಸವಣೂರಿನಲ್ಲಿ ಸಿರಾಜನ ಮಗಳು ಜ್ವರದಿಂದ ತೀರಿಕೊಂಡಳು. ಸುದ್ದಿ ತಲುಪುವಷ್ಟರಲ್ಲಿ ದಫನವೂ ಮುಗಿದಿತ್ತು. ಅವನೊಂದು ಜೋಗುಳ ಬರೆದ. ವಿಠ್ಠಲನೊಬ್ಬನಿಗೇ ಹಾಡಿ ತೋರಿಸಿ, "ಇದನ್ನ ಮಂದಿ ಮುಂದ ಹಾಡಬ್ಯಾಡ," ಎಂದಿದ್ದ. ವಿಠ್ಠಲ ಅವನ ಕೈ ಹಿಡಿದು ಹೂಂ ಎಂದಿದ್ದ.

ಮರುವರ್ಷ ರಜೆಯಲ್ಲಿ ಊರಿಗೆ ಬಂದ ಸಿರಾಜ, ಹೆಂಡತಿ ಕುಲಸುಮಬಿಯೊಂದಿಗೆ ನೆಂಟರ ಮನೆಗೆಂದು ಹಾನಗಲ್ಲಿಗೆ ಹೋದ. ಬಸ್ಸಿಳಿದು ಚಹಾಕ್ಕೆ ಕುಳಿತಾಗ ಹೋಟೆಲಿನ ಗ್ರಾಮಫೋನಿನಲ್ಲಿ ಅದೇ ಜೋಗುಳ ಕೇಳಿತು. ವಿಠ್ಠಲನ ದನಿ. ಹಿಂದೆ ಇನ್ಯಾರೋ ಗಿಟಾರನ್ನು ಅವನಂತೆಯೇ ಬಿಕ್ಕಿಸಲು ಹೆಣಗುತ್ತಿದ್ದರು.

ಕುಲಸುಮಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯಾರದ್ರಿ ಈ ಹಾಡು? ನಮ್ಮ ಕೂಸಿನ ಸಲುವಾಗಿ ಬರದಂಗ ಐತಿ."

ಹೋಟೆಲಿನ ಬೀರಪ್ಪ ಹೆಮ್ಮೆಯಿಂದ ಹೇಳಿದ: "ಶಿಗ್ಗಾಂವಿ ವಿಠ್ಠಲರಾಯರದು, ಯವ್ವಾ. ಬರದಾವ್ರೂ ಅವರ, ಹಾಡಿದವ್ರೂ ಅವರ."

"ನಾ ಬರದದ್ದು," ಎಂದ ಸಿರಾಜ, ಅವಳಿಗಷ್ಟೇ ಕೇಳುವಂತೆ.

ಅವಳು ಅವನ ಕಡೆ ತಿರುಗಿದಳು. "ನನಗ ಹೇಳಲಾರದ್ದು ಅವರಿಗೆ ಹೇಳಿದ್ರಿ?"

ಅವಳನ್ನು ನೆಂಟರಲ್ಲಿ ಬಿಟ್ಟು ಸಿರಾಜ ಶಿಗ್ಗಾಂವಿಗೆ ಹೋದ. ಗ್ರಾಮಫೋನ್ ಪ್ಲೇಟು ಹೊರಬಂದು ಹೆಸರಾದ ಮೇಲೆ ಮನೆಯವರು ವಿಠ್ಠಲನನ್ನು ಮತ್ತೆ ಒಳಗೆ ಕರೆದುಕೊಂಡಿದ್ದರು. ಅವನು ಗೆಳೆಯನನ್ನು ಕಟ್ಟೆಯ ಮೇಲೆಯೇ ಕೂರಿಸಿದ.

"ನೀ ಅಂತೂ ಅದನ್ನ ಹೊರಗ ಬಿಡತಿದ್ದಿಲ್ಲ. ಇವತ್ತ ಊರೂರಾಗ ಜನಾ ಅಳಲಿಕ್ಕೆ ಹತ್ಯಾರ. ಮುಂದಿನ ಪ್ಲೇಟಿನ ಮ್ಯಾಲೆ ನಿನ್ನ ಹೆಸರು ಹಾಕಸ್ತೇನಿ."

"ಹೆಸರಿನ ಮಾತಲ್ಲ ವಿಠ್ಠಲ. ಹಾಡಬ್ಯಾಡ ಅಂದಿದ್ದೆ."

ವಿಠ್ಠಲ ಒಳಬಾಗಿಲ ಕಡೆ ನೋಡಿ, "ಸಾವಕಾಶ ಮಾತಾಡು," ಎಂದ. ಸಿರಾಜ ಎದ್ದುಬಂದ.

ಸವಣೂರಿಗೆ ಮರಳಿದ ಮೇಲೆ, ಒಂದು ಮಧ್ಯಾಹ್ನ ಅವನು ಹೆಂಡತಿಯ ಮುಂದೆ ಗಿಟಾರ್ ತೊಡೆಗಿಟ್ಟುಕೊಂಡು ಜೋಗುಳ ಶುರುಮಾಡಿದ.

"ಬ್ಯಾಡ್ರಿ," ಎಂದಳು ಕುಲಸುಮಬಿ. "ಅದು ಈಗ ಹೋಟೆಲಿನ ಹಾಡು. ಆಕಿ ಕಡೀ ದಿನ ಹೆಂಗಿದ್ಲು ಅಂತ ನೀವು ನನ್ನ ಒಮ್ಮಿನೂ ಕೇಳಲಿಲ್ಲ."

ಅವನು ಗಿಟಾರನ್ನು ಪಕ್ಕಕ್ಕಿಟ್ಟು, ತಲೆ ತಗ್ಗಿಸಿಯೇ ಕೇಳಿದ: "ಹೆಂಗಿದ್ಲು?"

ಅವಳು ಹೇಳತೊಡಗಿದಳು.