ಹಾಲೆಂಡಿನಿಂದ ಬಂದ ಪ್ಲೇಟು

ಮುನಿನಾರಾಯಣಪ್ಪನವರಿಗೆ ಎಂಬತ್ತು ದಾಟಿದ ಮೇಲೆ, ಗೌರಿಬಿದನೂರಿನ ಅವರ ಮನೆಗೆ ಹಾಲೆಂಡಿನಿಂದ ಒಂದು ಪಾರ್ಸೆಲ್ಲು ಬಂತು. ಒಳಗಿದ್ದದ್ದು ಕಪ್ಪನೆಯ ಗ್ರಾಮಫೋನ್ ಪ್ಲೇಟು. ಅರವತ್ತರ ದಶಕದಲ್ಲಿ ಅಲ್ಲಿನ ಸಣ್ಣ ಊರುಗಳ ಹುಡುಗರು ಕಾರಿನ ಶೆಡ್ಡುಗಳಲ್ಲಿ ಕೂತು ಗಿಟಾರು ಬಾರಿಸಿ ಹಾಡಿದ, ಆಮೇಲೆ ಎಲ್ಲರೂ ಮರೆತ ಹಾಡುಗಳನ್ನು ಯಾರೋ ಪುಣ್ಯಾತ್ಮರು ಹುಡುಕಿ ಒಂದೆಡೆ ಸೇರಿಸಿದ್ದರು. ಹೊದಿಕೆಯ ಮೇಲಿನ ಒಂದು ಫೋಟೋದಲ್ಲಿ ಮೂವರು ಬಿಳಿಯ ಹುಡುಗರ ಹಿಂದೆ, ಡ್ರಮ್ಮಿನ ಮುಂದೆ, ಸಣಕಲು ಕರಿಯ ಹುಡುಗನೊಬ್ಬ ಹಲ್ಲು ಕಿಸಿಯುತ್ತಿದ್ದ.

"ತಾತಾ, ಏನ್ ಕ್ರಾಪು ಇದು!" ಎಂದು ನಕ್ಕಳು ಮೊಮ್ಮಗಳು ಸಂಘಮಿತ್ರ. ಪ್ಲೇಟು ಮಾಡಿದವರು ಫೇಸ್‌ಬುಕ್ಕಿನಲ್ಲಿ ಊರವರನ್ನೆಲ್ಲ ಕೇಳುತ್ತ ಕೊನೆಗೆ ಅವಳನ್ನೇ ಹುಡುಕಿ ಹಿಡಿದಿದ್ದರು.

ಆ ಅರವತ್ತರ ದಶಕದಲ್ಲಿ ಮುನಿನಾರಾಯಣಪ್ಪನವರನ್ನು ಅವರು ಕೆಲಸಕ್ಕಿದ್ದ ಮಿಲ್ಲಿನವರು ಮೆಷಿನ್ ಕೆಲಸ ಕಲಿತು ಬರಲೆಂದು ಒಂದು ವರ್ಷ ಅಲ್ಲಿಗೆ ಕಳಿಸಿದ್ದರು. ಜೊತೆಯ ಕೆಲಸಗಾರ ಯಾನ್‌ನ ತಂಡದಲ್ಲಿ ಡ್ರಮ್ ಬಾರಿಸುವವನು ಮಿಲಿಟರಿಗೆ ಹೋಗಿಬಿಟ್ಟಿದ್ದ. ಊಟದ ಹೊತ್ತಿನಲ್ಲಿ ಇವರು ಮರದ ಪೆಟ್ಟಿಗೆಯ ಮೇಲೆ ಬೆರಳಲ್ಲಿ ತಾಳ ಹಾಕುವುದನ್ನು ಕೇಳಿಸಿಕೊಂಡ ಯಾನ್, ಕೈ ಹಿಡಿದು ಎಳೆದುಕೊಂಡೇ ಹೋಗಿದ್ದ.

ಊರಿಗೆ ಮರಳಿದ ಮೇಲೆ ಅವರು ಡ್ರಮ್ಮಿನ ಕೋಲು ಮುಟ್ಟಲಿಲ್ಲ. ಅಪ್ಪ ಬಯ್ಯಪ್ಪ ಜೀವನವಿಡೀ ಕಂಡವರ ಸಾವಿಗೂ ಜಾತ್ರೆಗೂ ತಮಟೆ ಬಡಿದವನು. "ಇದು ನನಗೇ ಕೊನೆಯಾಗ್ಲಿ ಕಣಪ್ಪ" ಎಂದಿದ್ದ. ಅವನಿಗೆ ಹಾಲೆಂಡಿನ ಡ್ರಮ್ಮಿನ ವಿಷಯ ಹೇಳಲು ಮಗನಿಗೆ ಬಾಯಿ ಬರಲಿಲ್ಲ.

ಪ್ಲೇಟೇನೋ ಬಂತು, ಹಾಕುವುದೆಲ್ಲಿ? ಚಿಂತಾಮಣಿಯ ಎರ್ರಪ್ಪನ ಮೈಕ್ ಸೆಟ್ ಅಂಗಡಿಯಲ್ಲಿ ಹಳೆಯ ಮೆಷಿನ್ನು ಇನ್ನೂ ಓಡುತ್ತದೆಂದು ತಿಳಿದು, ತಾತ, ಮೊಮ್ಮಗಳು, ಜೊತೆಗೆ ಹೆಂಡತಿ ಮಂಗಮ್ಮ, ಮೂವರೂ ಬಸ್ಸು ಹತ್ತಿದರು.

ಎರ್ರಪ್ಪ ಪ್ಲೇಟನ್ನು ಪಂಚೆಯ ಅಂಚಿನಲ್ಲಿ ಒರೆಸಿ ಮುಳ್ಳು ಇಳಿಸಿದ. ಮೊದಲು ಕರಕರ ಸದ್ದು, ಆಮೇಲೆ ಗಿಟಾರು, ಯಾನ್‌ನ ಒಡಕು ಗಂಟಲು. ಅವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಡುವೆ ಹಾಡು ನಿಂತು ಬರೀ ಡ್ರಮ್ಮು ಉಳಿಯಿತು.

"ಅಬ್ಬಾ, ಏಮಿ ದೆಬ್ಬ ಅಣ್ಣಾ!" ಎಂಥಾ ಏಟು ಎಂದು ತೆಲುಗಿನಲ್ಲೇ ಉದ್ಗರಿಸಿದ ಎರ್ರಪ್ಪ.

ಮಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. "ರೀ, ಇದು ಮಾವನ ಏಟಲ್ವಾ? ನಾನು ಚಿಕ್ಕೋಳಿದ್ದಾಗ ನಮ್ಮ ದಿಬ್ಬೂರಹಳ್ಳಿಗೆ ಬಂದು ಹಿಂಗೇ ಹೊಡೀತಿದ್ರು. ಕೊನೇಲಿ ಒಂದೇಟು ತಡೆದು ಹೊಡೆಯೋದು."

ಮುನಿನಾರಾಯಣಪ್ಪ ಹೌದೆಂದು ತಲೆಯಾಡಿಸಿದರು. ಅಂದು ಶೆಡ್ಡಿನಲ್ಲಿ ಬೇರೆ ಯಾವ ತಾಳವೂ ಅವರಿಗೆ ಗೊತ್ತಿರಲಿಲ್ಲ. ಚಳಿಗೆ ಬೆರಳು ಮರಗಟ್ಟಿದ್ದಾಗ ಅಪ್ಪನ ಕೈಯೇ ನೆನಪಾಗಿತ್ತು. "ಅಪ್ಪ ಕೇಳಿದ್ದಿದ್ರೆ ಬೈತಿದ್ದ" ಎಂದರು.

"ಬೈತಿದ್ರು. ಆಮೇಲೆ ಇನ್ನೊಂದ್ಸಲ ಹಾಕು ಅಂತಿದ್ರು" ಎಂದರು ಮಂಗಮ್ಮ.

ಎರ್ರಪ್ಪ ಇನ್ನೊಮ್ಮೆ ಹಾಕಿದ. ಮುನಿನಾರಾಯಣಪ್ಪನವರ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಮಂಗಮ್ಮ ಗಂಡನ ಮೊಣಕೈ ತಿವಿದರು. "ಒಂದ್ಸಲ ಹೊಡೀರಿ. ಐವತ್ತೈದು ವರ್ಷ ಆಯ್ತು ಮದುವೆಯಾಗಿ, ನೀವು ಬಾರಿಸಿದ್ದು ಒಂದಿನಾನೂ ಕಂಡಿಲ್ಲ ನಾನು."

ಅವರು ಅತ್ತಿತ್ತ ನೋಡಿ, ಕಿಟಕಿಯ ಕೆಳಗಿನ ತಗಡಿನ ಮೇಲೆ ಮೆಲ್ಲಗೆ ಶುರು ಮಾಡಿದರು. ಬರಬರುತ್ತ ಕೈ ತಾನಾಗಿಯೇ ಜೋರಾಯಿತು. ಶಿಡ್ಲಘಟ್ಟ ಇನ್ನೂ ದೂರವಿರುವಾಗಲೇ ಬಸ್ಸು ಗಕ್ಕನೆ ನಿಂತಿತು.

"ತಗಡು ಬಡಿದೋರ್ಯಾರ್ರೀ? ಯಾರ್ರೀ ಇಳಿಯೋರು?" ಎಂದು ಕೂಗಿದ ಡ್ರೈವರ್.

"ಯಾರೂ ಇಳಿಯಲ್ಲ, ನೀನು ಹೋಗಪ್ಪ" ಎಂದರು ಮಂಗಮ್ಮ.